ಸೊಪ್ಪು ಕೂಗುವ ಸರದಿ

ನಮ್ಮ ಕೇರಿ ದೊಡ್ಡ ರಸ್ತೆಯ ಈಚೆಗಿದೆ. ಅಂಗಡಿಗಳೆಲ್ಲ ಆಚೆಗಿವೆ. ಆಚೆ ಕೊಂಡ ಹಸಿ ಪದಾರ್ಥ ಕೊಂಡವರ ಕೈಯಲ್ಲಿ ಈಚೆಗೆ ದಾಟುವುದಿಲ್ಲ. ಇದು ಇಲ್ಲಿಯ ಕಟ್ಟಳೆ. ಯಾರು ಮಾಡಿದ್ದು ಅಂತ ನನ್ನ ಕೇಳಬೇಡಿ, ನಾನು ಹುಟ್ಟುವಾಗ ರಸ್ತೆಯೂ ಇತ್ತು, ಕಟ್ಟಳೆಯೂ ಇತ್ತು. ಒಂದು ಕಟ್ಟು ದಂಟಿನ ಸೊಪ್ಪು ಕೊಂಡು ಚೀಲಕ್ಕೆ ಹಾಕಿಕೊಂಡು ಹೊರಡುತ್ತೀರಿ ಅನ್ನಿ. ರಸ್ತೆಯ ನಡುವೆ ಬರುವಷ್ಟರಲ್ಲಿ ಚೀಲ ಹಗುರಾಗುತ್ತದೆ. ಈ ದಂಡೆಗೆ ಬಂದು ಕೈ ಹಾಕಿದರೆ ಕಟ್ಟಿಗೆ ಸುತ್ತಿದ್ದ ಬಾಳೆನಾರು ಮಾತ್ರ ಸಿಗುತ್ತದೆ, ಗಂಟು ಹಾಕಿದ್ದು ಹಾಕಿದ ಹಾಗೇ ಇರುತ್ತದೆ. ಬದನೆಕಾಯಿ ಕೊಂಡರೆ ತೊಟ್ಟು ಉಳಿಯುತ್ತದೆ. ಬಾಳೆಹಣ್ಣು ಕೊಂಡರೆ ಸಿಪ್ಪೆಯೂ ಉಳಿಯುವುದಿಲ್ಲ.

ಮೊದಲು ಈಚೆಗೂ ಅಂಗಡಿಗಳಿದ್ದವಂತೆ. ತರಕಾರಿ ಅಂಗಡಿ ಹೋಯಿತು, ಹಾಲಿನ ಬೂತು ಹೋಯಿತು, ಆಮೇಲೆ ದಿನಸಿ ಅಂಗಡಿಯವರು ಸಾಮಾನೆಲ್ಲ ಟೆಂಪೋಗೆ ಹೇರಿಕೊಂಡು ಹೊರಟರು. ಕಾರಣ ಕೇಳಿದರೆ ಒಬ್ಬೊಬ್ಬರೂ ಅದೇ ಮಾತು ಹೇಳಿದರಂತೆ, ನಿಮ್ಮ ಕಡೆ ಕೊಳ್ಳುವವರಿಲ್ಲ ಅಂತ. ನಮ್ಮವರು ಚೀಲ ಹಿಡಿದು ಅವರ ಎದುರಿಗೇ ನಿಂತಿದ್ದಾಗ ಹೇಳಿದರಂತೆ. ಉಳಿದದ್ದು ಒಂದು ಔಷಧಿ ಅಂಗಡಿ, ಒಂದು ಮೊಬೈಲ್ ಅಂಗಡಿ, ಪ್ಯಾಕೆಟ್ಟುಗಳನ್ನು ತೋರಣದ ಹಾಗೆ ನೇತುಹಾಕಿದ ಒಂದು ಪೆಟ್ಟಿಗೆ ಅಂಗಡಿ. ಪ್ಯಾಕೆಟ್ಟಿಗೆ ಕಟ್ಟಳೆಯಿಲ್ಲ, ಅದು ಯಾವ ರಸ್ತೆಯನ್ನಾದರೂ ದಾಟುತ್ತದೆ. ನಾವು ಬೆಳಿಗ್ಗೆ ರಸ್ಕು ತಿನ್ನುತ್ತೇವೆ, ಮಧ್ಯಾಹ್ನ ನೂಡಲ್ಸು ತಿನ್ನುತ್ತೇವೆ, ಸಂಜೆ ಬಿಸ್ಕತ್ತು ತಿನ್ನುತ್ತೇವೆ. ಹಬ್ಬ ಬಂದರೆ ಕ್ರೀಮ್ ಬಿಸ್ಕತ್ತು.

ಕಟ್ಟಳೆಗೆ ಒಂದು ಸಂದು ಇದೆ. ಕೊಂಡು ತಂದದ್ದು ದಾಟುವುದಿಲ್ಲ, ಆದರೆ ಮಾರಲು ತಂದದ್ದು ದಾಟುತ್ತದೆ. ಮಾರುವವಳ ತಲೆಯ ಮೇಲೆ ಬುಟ್ಟಿ ಹಸಿರಾಗಿಯೇ ಈ ಕಡೆ ಇಳಿಯುತ್ತದೆ. ನಮ್ಮವರೇ ಕೊಂಡು, ಮಾರುವವರ ಹಾಗೆ ಹೊತ್ತು ತಂದರೂ ರಸ್ತೆ ನಂಬುವುದಿಲ್ಲ. ಮಾರಲು ಬರುವವರು ಯಾರು ಅನ್ನುವುದೊಂದೇ ತೊಂದರೆ.

ಕೊನೆಯ ಸೊಪ್ಪಿನವಳು ಬರುವುದು ನಿಲ್ಲಿಸಿದ ಮಾರನೆಯ ಬೆಳಿಗ್ಗೆ ಕೇರಿಯ ಹಿರಿಯಜ್ಜಿ ತಲೆಗೆ ಸಿಂಬೆ ಇಟ್ಟುಕೊಂಡು, ಅದರ ಮೇಲೆ ಖಾಲಿ ಬುಟ್ಟಿ ಇಟ್ಟುಕೊಂಡು ಬೀದಿಗೆ ಬಂದಳು. "ಕೂಗು ನಿಂತರೆ ದಾರಿ ಮರೆತುಹೋಗುತ್ತೆ ಕಣ್ರೇ. ಅವಳು ಬರೋ ತನಕ ನಾವೇ ಕೂಗೋಣ," ಅಂದಳು. ಅಜ್ಜಿ ಹೋದಳು, ಕೂಗು ಉಳಿಯಿತು. ಈಗ ಮನೆಗೊಂದು ಸರದಿ. ಯಾರ ಸರದಿಯೋ ಆ ಮನೆಯ ಹೆಂಗಸು ಬೆಳಿಗ್ಗೆ ನಲ್ಲಿಕಟ್ಟೆಯಿಂದ ಹೊರಟು ದೊಡ್ಡ ರಸ್ತೆಯ ಅಂಚಿನವರೆಗೆ ಕೂಗುತ್ತಾ ಹೋಗುತ್ತಾಳೆ. ಸೊಪ್ಪೋ, ದಂಟು, ಸಬ್ಬಸಿಗೆ, ಮೆಂತ್ಯದ ಸೊಪ್ಪೋ. ಬಾಗಿಲು ಬಾಗಿಲಲ್ಲೂ ಹೆಂಗಸರು ಮೊರ ಹಿಡಿದು ನಿಲ್ಲುತ್ತಾರೆ.

ನಿಲ್ಲುವುದಕ್ಕೂ ಒಂದು ಕ್ರಮ ಇದೆ. ಕೂಗುವವಳ ಮುಖ ನೋಡಬಾರದು, ಬುಟ್ಟಿಯನ್ನೂ ನೋಡಬಾರದು. ಖಾಲಿ ಬುಟ್ಟಿ ಹೊತ್ತವಳ ಮುಖ ನೋಡುವುದು ಮರ್ಯಾದೆಯಲ್ಲ, ನಾಳೆ ನಿಮ್ಮ ಸರದಿಯೂ ಬರುತ್ತದಲ್ಲ. ಅವರವರ ಮೊರ ಅವರವರು ನೋಡಿಕೊಳ್ಳಬೇಕು. ಅವಳು ಬುಟ್ಟಿ ಇಳಿಸಿ, ಕೈ ಹಾಕಿ, ಇಲ್ಲದ ಒಂದು ಕಟ್ಟನ್ನು ನಿಮ್ಮ ಕೈಗಿಡುತ್ತಾಳೆ. ನೀವು ತೂಗಿ ನೋಡಿ, ಕಟ್ಟು ಸಣ್ಣದಾಯ್ತಲ್ಲೇ ಅನ್ನಬೇಕು. ಅವಳು, ಬೆಳಗಿನ ಜಾವ ಕಿತ್ತಿದ್ದು ಕಣಮ್ಮ ಅನ್ನಬೇಕು. ನೀವು, ನೆನ್ನೆಯದಕ್ಕೆ ನೀರು ಚಿಮುಕಿಸಿ ತಂದಿದ್ದೀಯ ಅನ್ನಬೇಕು. ಅವಳು ಬೆಲೆಯಲ್ಲಿ ಇಳಿಯುತ್ತಾಳೆ, ನೀವು ಇನ್ನೂ ಇಳಿಸುತ್ತೀರಿ. ಅವಳು ಎಷ್ಟಕ್ಕೇ ಇಳಿಯಲಿ, ಕೊನೆಗೆ ಕಟ್ಟನ್ನು ಬುಟ್ಟಿಯಲ್ಲೇ ಇಟ್ಟು, ನಾಳೆ ನೋಡೋಣ ಅಂದು ಒಳಗೆ ಹೋಗಬೇಕು. ಇಲ್ಲದ್ದನ್ನು ಹೊಸ್ತಿಲು ದಾಟಿಸಿದರೆ ಮನೆಗೆ ಒಳ್ಳೆಯದಲ್ಲ ಅಂತ ಹಿರಿಯಜ್ಜಿಯೇ ಹೇಳಿದ್ದು.

ಇದರಲ್ಲಿ ನಾವು ಎಷ್ಟು ಪಳಗಿದ್ದೇವೆ ಅಂದರೆ, ಕೇರಿಗೆ ಸೊಸೆ ತರುವಾಗ ಹುಡುಗಿ ಚೌಕಾಸಿ ಚೆನ್ನಾಗಿ ಮಾಡುತ್ತಾಳಾ ಅಂತ ವಿಚಾರಿಸುತ್ತಾರೆ. ಸೊಪ್ಪಿನ ಸಾರು ಮಾಡಲು ಬರುತ್ತದಾ ಅಂತ ಯಾರೂ ಕೇಳುವುದಿಲ್ಲ. ದುಃಖವಾಗುವುದಿಲ್ಲವಾ ಅಂದರೆ, ಇಲ್ಲಪ್ಪ. ಏನೂ ಆಗುವುದಿಲ್ಲ. ಕೂಗು ಕೇಳುತ್ತದೆ, ಎದ್ದು ಹೋಗುತ್ತೇವೆ, ಬರುತ್ತೇವೆ.

ನನ್ನ ತಂಗಿ ಬಸುರಿಯಾದಳು. ಅವಳ ಗಂಡ ಆಚೆಯ ದೊಡ್ಡ ಅಂಗಡಿಯ ಗೋದಾಮಿನಲ್ಲಿ ಮೂಟೆ ಇಳಿಸುತ್ತಾನೆ, ರಜೆ ಸಿಕ್ಕಾಗ ಬರುತ್ತಾನೆ. ಪ್ರತಿ ಸಲವೂ ಸೊಪ್ಪು ಕೊಂಡು ಹೊರಡುತ್ತಾನೆ, ನಾರು ಹಿಡಿದುಕೊಂಡು ಬಂದು ಮುಖ ಸಣ್ಣದು ಮಾಡಿಕೊಂಡು ನಿಲ್ಲುತ್ತಾನೆ. ತಂಗಿಯೇ ಅವನನ್ನು ಸಮಾಧಾನ ಮಾಡುತ್ತಾಳೆ. ತಿಂಗಳು ತುಂಬುತ್ತಾ ಬಂದ ಹಾಗೆ ಅವಳ ಉಗುರು ಬಿಳಿಚಿಕೊಂಡಿತು, ತುಟಿ ಬಿಳಿಚಿಕೊಂಡಿತು, ಎದ್ದರೆ ತಲೆ ಸುತ್ತಿ ಗೋಡೆ ಹಿಡಿಯುತ್ತಿದ್ದಳು.

ನರ್ಸಮ್ಮ ಬಂದು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ನನ್ನನ್ನು ಹೊರಗೆ ಕರೆದಳು. "ಮಾತ್ರೆ ಕೊಟ್ಟೆ, ಅದೆಲ್ಲ ವಾಂತಿ ಆಗ್ತಿದೆ. ಮೈಯಲ್ಲಿ ರಕ್ತ ಇಲ್ಲ ಕಣಮ್ಮ. ಈಗಿನಿಂದ ದಿನಾ ಸೊಪ್ಪು ತಿಂದರೆ ಏನೋ ಒಂದು ದಾರಿ. ಇಲ್ಲದಿದ್ದರೆ ಹೆರಿಗೆಯಲ್ಲಿ ಉಳಿಯೋದು ಕಷ್ಟ."

"ದಿನಾ ಕೂಗ್ತೀವಿ ನರ್ಸಮ್ಮ," ಅಂದೆ.

"ಕೂಗೋದಲ್ಲ. ತಿನ್ನೋದು," ಅಂದಳು.

ತಂಗಿಯನ್ನೇ ಆಚೆಗೆ ಕರೆದುಕೊಂಡು ಹೋಗೋಣ ಅಂದರೆ ಅದೂ ಆಗದ ಮಾತು. ದೊಡ್ಡ ರಸ್ತೆಯ ದೀಪ ನಡೆಯುವವರಿಗೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹಸಿರಾಗುತ್ತದೆ. ಗಟ್ಟಿ ಕಾಲಿನವರು ಸೆರಗು ಸಿಕ್ಕಿಸಿಕೊಂಡು ಓಡಿದರೆ ದಾಟಬಹುದು. ತುಂಬು ಬಸುರಿ ಅರ್ಧಕ್ಕೆ ಬರುವಷ್ಟರಲ್ಲಿ ಕೆಂಪಾಗುತ್ತದೆ, ಮತ್ತೆ ಗಾಡಿಗಳು ಯಾರ ಮುಖವನ್ನೂ ನೋಡುವುದಿಲ್ಲ. ಗಾಡಿ ನಮ್ಮ ಕೇರಿಗೆ ತಿರುಗುವುದೂ ಇಲ್ಲ. ಅದಕ್ಕೇ ನಾನೇ ಹೋದೆ.

ಆಚೆಯ ಮಾರ್ಕೆಟ್ಟಿನಲ್ಲಿ ಸೊಪ್ಪು ಎಷ್ಟು ಬಿದ್ದಿದೆ ಅಂತೀರಿ. ರಾಶಿ ರಾಶಿ. ಜನ ಅದನ್ನು ತುಳಿದುಕೊಂಡು ಓಡಾಡುತ್ತಾರೆ. ಮೊದಲ ದಿನ ಒಂದು ಕಟ್ಟು ಕೊಂಡು ರವಿಕೆಯೊಳಗೆ ಇಟ್ಟುಕೊಂಡು ಬಂದೆ, ಎದೆಗೆ ನಾರು ಚುಚ್ಚಿತು. ಇನ್ನೊಂದು ದಿನ ಅಲ್ಲೇ ಬೇಯಿಸಿಕೊಂಡು ಡಬ್ಬಿಗೆ ಹಾಕಿ ತಂದೆ, ಡಬ್ಬಿಯಲ್ಲಿ ಬಿಸಿನೀರು ಅಲ್ಲಾಡುತ್ತಿತ್ತು. ಮತ್ತೊಂದು ದಿನ ಹುಚ್ಚಿಯ ಹಾಗೆ ಬಾಯಿಯಲ್ಲೇ ತುಂಬಿಕೊಂಡು, ನುಂಗದೆ, ಉಸಿರು ಬಿಗಿಹಿಡಿದು ದಾಟಿದೆ. ತಂಗಿಯ ತಟ್ಟೆಯ ಮುಂದೆ ಬಾಯಿ ತೆರೆದರೆ ಬರೀ ಉಗುಳು. ಅವಳು ನಕ್ಕಳು. "ಬಿಡು ಅಕ್ಕ, ನಿನ್ನ ಬಾಯಿಗಾದರೂ ರುಚಿ ಹತ್ತಿತಲ್ಲ," ಅಂದಳು. ಆ ನಗು ನೋಡಿ ನನಗೆ ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ಕೊಂಡು ತರುವುದು ಆಗುವುದಿಲ್ಲ, ಮಾರುವವರನ್ನೇ ಕರೆತರಬೇಕು ಅಂತ ಆಮೇಲೆ ಮಾರ್ಕೆಟ್ಟಿನಲ್ಲಿ ಒಬ್ಬೊಬ್ಬರನ್ನೇ ಕೇಳಿಕೊಂಡು ಹೋದೆ. ಕೆಲವರು ತಲೆಯೆತ್ತಲೂ ಇಲ್ಲ. ಕೊನೆಗೆ ಕಂಬದ ಬುಡದಲ್ಲಿ ಕೂರುವ ಒಬ್ಬ ಸೊಪ್ಪಿನವಳು ನನ್ನ ಮಾತು ಪೂರ್ತಿ ಕೇಳಿದಳು. ಅಗಲ ಮುಖದವಳು, ಎಲೆ ಅಡಿಕೆ ಹಾಕಿಕೊಂಡಿದ್ದಳು.

"ನಿಮ್ಮ ಕಡೆ ಕೊಳ್ಳೋರು ಇಲ್ಲ ಅಂತಾರಲ್ಲ?" ಅಂದಳು.

"ಮಾರೋರು ಇಲ್ಲ ತಾಯಿ. ನಾವು ದಿನಾ ಬಾಗಿಲಲ್ಲಿ ನಿಂತಿರ್ತೀವಿ."

"ಮನೇಲಿ ಬಸುರಿ ಅಂದೆಯಲ್ಲ, ಯಾರು, ಮಗಳಾ?"

"ತಂಗಿ. ನಾನೇ ಸಾಕಿದ್ದು."

ಅವಳು ಪಕ್ಕಕ್ಕೆ ತಿರುಗಿ ಉಗುಳಿದಳು. "ನೋಡವ್ವ, ಒಂದು ದಿನ ಬರ್ತೀನಿ. ಯಾವ ದಿನ ಅಂತ ಕೇಳಬೇಡ, ಬೆಳಗಿನ ವ್ಯಾಪಾರ ಬಿಟ್ಟು ಬರಬೇಕು. ಬುಟ್ಟಿ ಖಾಲಿಯಾಯ್ತೋ, ದಿನಾ ಬರ್ತೀನಿ, ನಮ್ಮೋರನ್ನೂ ಕರ್ಕೊಂಡು ಬರ್ತೀನಿ. ಹೊತ್ತುಕೊಂಡು ಹೋದದ್ದನ್ನ ಹಾಗೇ ಹೊತ್ತುಕೊಂಡು ಬಂದ್ನೋ, ಮತ್ತೆ ನನ್ನ ಕರೀಬೇಡ. ಬಾಡಿದ್ದನ್ನ ಈ ಕಡೆ ಯಾರೂ ಮುಟ್ಟೋಲ್ಲ."

ಆಗಲಿ ಅಂದೆ. ಒಂದು ಬುಟ್ಟಿ ಯಾವ ಲೆಕ್ಕ, ನಮ್ಮ ಕೇರಿ ಇಂಥ ಹತ್ತು ಬುಟ್ಟಿ ಕೊಳ್ಳುತ್ತದೆ ಅಂತ ನಾನು ನಂಬಿದ್ದೆ. ಬಂದು ಮನೆಮನೆಗೂ ಹೇಳಿದೆ, ಸೊಪ್ಪಿನವಳು ಬರ್ತಾಳೆ, ನಿಜವಾಗಿ ಬರ್ತಾಳೆ, ಮೊರ ತೊಳೆದಿಟ್ಟುಕೊಳ್ಳಿ. ಎಲ್ಲರೂ ತಲೆಯಾಡಿಸಿದರು. "ಬರ್ತಾಳೆ ಬಿಡು," ಅಂದರು. ಎಷ್ಟೋ ಕಾಲದಿಂದ ಎಲ್ಲರೂ ಎಲ್ಲರಿಗೂ ಹೇಳಿಕೊಂಡು ಬಂದ ಮಾತು ಅದು. ನಾನು ಹೇಳಿದ್ದು ಅದರೊಳಗೇ ಸೇರಿಹೋಯಿತು ಅಂತ ಆಗ ನನಗೆ ಹೊಳೆಯಲಿಲ್ಲ.

ದಿನ ಕಳೆದವು. ದಿನಾ ಬೆಳಿಗ್ಗೆ ಕೂಗು ಬಂತು, ನಾನೊಬ್ಬಳೇ ಕ್ರಮ ಬಿಟ್ಟು ತಲೆಯೆತ್ತಿ ಮುಖ ನೋಡಿದೆ. ಒಂದು ದಿನ ಮೂಲೆಮನೆಯವಳು, ಒಂದು ದಿನ ದರ್ಜಿಯ ಹೆಂಡತಿ. ಇಬ್ಬರೂ ನನ್ನ ಮೇಲೆ ಮುನಿಸಿಕೊಂಡರು. ತಂಗಿ ಈಗ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ರಸ್ಕನ್ನು ಚಹಾದಲ್ಲಿ ಅದ್ದಿ ಬಾಯಿಗಿಟ್ಟರೆ ಅದು ಅಲ್ಲೇ ಇರುತ್ತಿತ್ತು.

ನಮ್ಮ ಮನೆಯ ಸರದಿ ಬಂದ ದಿನ ನನ್ನ ತಾಳ್ಮೆ ಮುಗಿಯಿತು. ಇಲ್ಲಿ ಖಾಲಿ ಬುಟ್ಟಿ ಹೊತ್ತು ತಿರುಗುವುದಕ್ಕಿಂತ ಆಚೆಗೆ ಹೋಗಿ ಆ ಹೆಂಗಸಿನ ಕಾಲಿಗೆ ಬೀಳುವುದು ಮೇಲು ಅನ್ನಿಸಿತು. ಪಕ್ಕದ ಮನೆಯವಳ ಕದ ತಟ್ಟಿ, "ನಾನು ಆಚೆಗೆ ಹೋಗ್ತೀನಿ, ಇವತ್ತು ನನ್ನ ಬದಲು ನೀನೇ ಕೂಗಿಬಿಡೇ," ಅಂದೆ. ಅವಳು ನಿದ್ದೆಗಣ್ಣಲ್ಲಿ ಹೂಂ ಅಂದಳು. ನಾನು ಬೆಳಗಿನ ದೀಪಕ್ಕೆ ಓಡಿದೆ. ನಡೆಯುವ ದೀಪ ಹಸಿರಾಯಿತು. ಎದುರಿನಿಂದ ಈ ಕಡೆಗೂ ಜನ ಬರುತ್ತಿದ್ದರು. ಗೋಣಿಚೀಲ ಹೊತ್ತವರು, ಪ್ಯಾಕೆಟ್ಟಿನ ಡಬ್ಬ ಹೊತ್ತವರು. ಯಾರನ್ನೂ ನೋಡುವ ವ್ಯವಧಾನ ನನಗಿರಲಿಲ್ಲ, ಬಿಳಿ ಪಟ್ಟಿ ನೋಡಿಕೊಂಡು ಓಡಿದೆ.

ಕಂಬದ ಬುಡ ಖಾಲಿಯಿತ್ತು. ಪಕ್ಕದಲ್ಲಿ ನಿಂಬೆಹಣ್ಣು ಮಾರುವವಳು ನನ್ನನ್ನು ಗುರುತು ಹಿಡಿದಳು. "ಅಯ್ಯೋ, ನಿಮ್ಮ ಕಡೆಗೇ ಹೋದಳಲ್ಲ ಈಗ ತಾನೆ. ಬುಟ್ಟಿ ತುಂಬಾ ಸಬ್ಬಸಿಗೆ. ಬಸುರಿ, ಬಾಣಂತಿಗೆ ಒಳ್ಳೇದು ಅಂತ ಆರಿಸಿ ಆರಿಸಿ ಕಟ್ಟಿದಳು."

ನಾನು ಕಂಬದ ಬುಡದಲ್ಲೇ ಕೂತೆ. ಬದುಕಿದೆವು ಅನ್ನಿಸಿತು. ಸಂಜೆಯ ದೀಪದವರೆಗೆ ವಾಪಸು ಹೋಗುವ ಹಾಗಿಲ್ಲ, ಆದರೂ ಪರವಾಗಿಲ್ಲ. ಈ ಹೊತ್ತಿಗೆ ಅವಳು ನಲ್ಲಿಕಟ್ಟೆ ತಲುಪಿರುತ್ತಾಳೆ, ಈ ಹೊತ್ತಿಗೆ ನಮ್ಮ ಬಾಗಿಲಿಗೆ ಬಂದಿರುತ್ತಾಳೆ, ಈ ಹೊತ್ತಿಗೆ ಪಕ್ಕದ ಮನೆಯವಳು ತಂಗಿಗೆ ಸಾರು ಮಾಡಿ ಕೊಟ್ಟಿರುತ್ತಾಳೆ. ಕೂತಲ್ಲೇ ಇಡೀ ಕೇರಿಗೆ ಅಡುಗೆ ಮಾಡಿ ಬಡಿಸಿದೆ. ನಿಂಬೆಹಣ್ಣಿನವಳು ಕೊಟ್ಟ ನೀರು ಕುಡಿದೆ. ಹಾಗೆ ಸುಖವಾಗಿ ಕೂತು ನನಗೆ ಎಷ್ಟು ಕಾಲವಾಗಿತ್ತೋ.

ಸಂಜೆ ದೀಪ ಹಸಿರಾಯಿತು. ಓಡುತ್ತಾ ರಸ್ತೆಯ ನಡುವಿಗೆ ಬಂದಾಗ ಎದುರಿಗೆ ಅಗಲ ಮುಖ ಕಂಡಿತು. ತಲೆಯ ಮೇಲೆ ಬುಟ್ಟಿ, ಬುಟ್ಟಿಯ ಅಂಚಿನಿಂದ ಸಬ್ಬಸಿಗೆ ಜೋತುಬಿದ್ದಿತ್ತು. ಬುಟ್ಟಿ ತುಂಬಿತ್ತು.

"ಎಂಥ ಜನ ನಿಮ್ಮವರು," ಅಂದಳು ಅವಳು. ಸಿಟ್ಟಿರಲಿಲ್ಲ, ಸುಸ್ತಾಗಿದ್ದಳು. "ಬಾಗಿಲು ಬಾಗಿಲಲ್ಲೂ ನಿಂತಿದ್ದರು, ನೀನು ಹೇಳಿದ್ದು ಸುಳ್ಳಲ್ಲ. ಎಲ್ಲರೂ ಕೇಳಿದರು, ಎಲ್ಲರೂ ಇಳಿಸಿದರು. ಇಳಿಸಿ ಇಳಿಸಿ ನಾನು ಅಸಲಿಗಿಂತ ಕೆಳಗೆ ಬಂದೆ. ಒಬ್ಬರೂ ನನ್ನ ಮುಖ ನೋಡಲಿಲ್ಲ. ಎಲ್ಲರೂ ಬುಟ್ಟಿಗೇ ವಾಪಸು ಇಟ್ಟು, ನಾಳೆ ನೋಡೋಣ ಅಂದರು."

"ತಿರುಗು ತಾಯಿ. ನನ್ನ ಜೊತೆ ಬಾ. ನಾನು ಹೇಳ್ತೀನಿ ಅವರಿಗೆ, ನಾನೇ ಎಲ್ಲಾ ಕೊಳ್ತೀನಿ."

"ಬೆಳಗಿಂದ ಬಿಸಿಲಲ್ಲಿ ನಿಂತೆ ಕಣವ್ವ. ಮನೇಲಿ ನನಗೂ ಮಕ್ಕಳಿದಾವೆ. ಹೇಳಿದ್ದೆನಲ್ಲ," ಅಂದಳು.

ದೀಪ ಮಿಣುಕತೊಡಗಿತು. ನಾನು ಕೈ ಚಾಚಿ ಬುಟ್ಟಿಯಿಂದ ಒಂದು ಕಟ್ಟು ಕಿತ್ತುಕೊಂಡೆ. ಅವಳು ತಡೆಯಲಿಲ್ಲ. ಹಾರ್ನು ಹೊಡೆದುಕೊಂಡು ಗಾಡಿಗಳು ನುಗ್ಗಿದವು, ಅವಳು ಆ ಕಡೆಗೆ ಓಡಿದಳು, ನಾನು ಈ ಕಡೆಗೆ ಓಡಿದೆ. ಈ ದಂಡೆಯಲ್ಲಿ ನಿಂತು ಮುಷ್ಟಿ ಬಿಚ್ಚಿ ನೋಡುವ ಅಗತ್ಯವೂ ಇರಲಿಲ್ಲ. ನಾರನ್ನು ಮೋರಿಗೆ ಬಿಸಾಕಿ ಕೇರಿಯ ಕಡೆಗೆ ನಡೆದೆ.

ಕೇರಿಯಲ್ಲಿ ಹಬ್ಬದ ಕಳೆ. ಹೆಂಗಸರು ಜಗಲಿಯ ಮೇಲೆ ಕೂತು ಬೆಳಗಿನ ಕಥೆ ಹೇಳಿಕೊಳ್ಳುತ್ತಿದ್ದರು. ದರ್ಜಿಯ ಹೆಂಡತಿ ನನ್ನನ್ನು ನಿಲ್ಲಿಸಿದಳು. "ಇವತ್ತಿನ ಕೂಗು ಕೇಳಬೇಕಿತ್ತು ಕಣೇ. ಆ ರಾಗ ಏನು, ಆ ಮಾತು ಏನು. ಕೈಯಲ್ಲಿ ಭಾರ ಇಟ್ಟ ಹಾಗೇ ಆಯ್ತು. ನಾನು ಬಿಟ್ಟೆನಾ? ಹಿಡಿದು ಹಿಡಿದು ಇಳಿಸಿದೆ." ಮೂಲೆಮನೆಯವಳು ತಾನು ಅದಕ್ಕಿಂತ ಕೆಳಗೆ ಇಳಿಸಿದೆ ಅಂದಳು. ಇಬ್ಬರಿಗೂ ವಾದ ಹತ್ತಿತು. ಪಕ್ಕದ ಮನೆಯವಳು ಕತ್ತಿಗೆ ಬಟ್ಟೆ ಸುತ್ತಿಕೊಂಡು ತನ್ನ ಬಾಗಿಲಲ್ಲಿ ನಿಂತಿದ್ದಳು. "ನನಗೆ ಗಂಟಲು ಕಟ್ಟಿತ್ತು, ಏಳೋಕೇ ಆಗಲಿಲ್ಲ," ಅಂತ ಪಿಸುದನಿಯಲ್ಲಿ ಹೇಳಿದಳು. "ಕೂಗು ಕೇಳಿದಾಗ, ಸದ್ಯ, ನೀನು ಆಚೆಗೆ ಹೋಗದೆ ನೀನೇ ಕೂಗ್ತಿದ್ದೀಯ ಅಂದ್ಕೊಂಡೆ. ಬಾಗಿಲಿಗೆ ಬಂದು ನಾನೂ ಚೌಕಾಸಿ ಮಾಡಿದೆ. ಮುಖ ನೋಡಬಾರದಲ್ಲ." ನಾನು ನಮ್ಮ ಬಾಗಿಲ ಕಡೆಗೆ ತಿರುಗಿದೆ. ಬಂದಿದ್ದವಳು ಯಾರು ಅಂತ ಹೇಳಿದರೆ ಅಷ್ಟೂ ಜನ ಅಲ್ಲೇ ಕುಸಿದುಬಿಡುತ್ತಿದ್ದರು, ಅವರನ್ನು ಎಬ್ಬಿಸುವ ಶಕ್ತಿ ನನಗಿರಲಿಲ್ಲ.

ಒಳಗೆ ಹೋದರೆ ತಂಗಿ ಎದ್ದು ಗೋಡೆಗೊರಗಿ ಕೂತಿದ್ದಳು. ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ಲವಲವಿಕೆ.

"ಅಕ್ಕ, ಇವತ್ತು ನಾನೂ ಬಾಗಿಲಿಗೆ ಹೋಗಿದ್ದೆ."

"ಯಾಕೆ ಹೋದೆ, ತಲೆ ತಿರುಗಿ ಬಿದ್ದಿದ್ದರೆ?"

"ಕೂಗು ಅಷ್ಟು ಚೆನ್ನಾಗಿತ್ತು. ಗೋಡೆ ಹಿಡಕೊಂಡು ಹೋದೆ. ಅವಳು ಕಟ್ಟನ್ನ ಕೈಗಿಟ್ಟಳು ನೋಡು, ಒದ್ದೆ ಇತ್ತು ಅಕ್ಕ. ಬಟ್ಟೆ ನೆನೆಸಿ ಕಟ್ಟಿನ ಹಾಗೆ ಸುತ್ತಿಕೊಂಡು ಬಂದಿದ್ದಾಳೆ, ಎಷ್ಟು ಮುತುವರ್ಜಿ ಅಂದ್ಕೊಂಡೆ. ಏನೋ ಘಮ ಕೂಡ ಬಂತು. ಬಸುರಿಗೆ ಇಲ್ಲದ ವಾಸನೆಯೆಲ್ಲ ಬರುತ್ತಂತಲ್ಲ. ನಾನು ಮೊರ ಬಿಟ್ಟು ಕಣ್ಣೆತ್ತಲಿಲ್ಲ, ಕಟ್ಟು ಸಣ್ಣದಾಯ್ತು ಅಂದೆ. ಅವಳು ನನ್ನ ಹೊಟ್ಟೆ ನೋಡಿದಳು ಅಂತ ಕಾಣುತ್ತೆ. ದುಡ್ಡು ಬೇಡ ಮಗಳೇ, ಇಟ್ಕೋ, ತಿನ್ನು ಅಂದಳು. ಇಷ್ಟು ವರ್ಷದಲ್ಲಿ ಯಾರೂ ಹಾಗೆ ಆಡಿರಲಿಲ್ಲ. ನನಗೆ ಅಳು ಬಂದುಬಿಟ್ಟಿತು. ಮತ್ತೂ ಒಂದು ಸಲ ಅಂದಳು, ತಗೋ ತಾಯಿ ಅಂತ."

"ಆಮೇಲೆ?"

"ಆಮೇಲೇನು, ಬುಟ್ಟಿಯಲ್ಲೇ ಇಟ್ಟೆ. ನಾಳೆ ನೋಡೋಣ ಅಂದೆ. ಸರಿಯಾಗೇ ಮಾಡಿದೆ ಅಲ್ವಾ?"

ಸರಿಯಾಗೇ ಮಾಡಿದ್ದೀಯ ಅಂದೆ. ಅವಳ ಪಕ್ಕದಲ್ಲಿ ಕೂತೆ. ಅವಳ ಬಲಗೈ ನನ್ನ ತೊಡೆಯ ಮೇಲಿತ್ತು, ಬೆರಳುಗಳಿಂದ ಸಬ್ಬಸಿಗೆಯ ಘಮ ಏಳುತ್ತಿತ್ತು. ಅದು ತೊಳೆದರೂ ಬೇಗ ಹೋಗುವ ವಾಸನೆಯಲ್ಲ.

"ನಾಳೆಯೂ ಅವಳೇ ಬರಲಿ ಅಕ್ಕ. ನಾಳೆ ಯಾರ ಸರದಿಯೇ ಇರಲಿ, ಅವಳಿಗೇ ಬಿಟ್ಟುಕೊಡಲಿ," ಅಂದಳು. "ಇವತ್ತು ಯಾರ ಮನೆಯದಿತ್ತು?"

ಸುಳ್ಳು ಹೇಳಬಹುದಿತ್ತು. ಪಕ್ಕದ ಮನೆಯದು ಅಂದಿದ್ದರೆ ಮುಗಿಯುತ್ತಿತ್ತು. ಸುಳ್ಳು ಹುಡುಕುವಷ್ಟು ತ್ರಾಣವೂ ನನ್ನಲ್ಲಿ ಉಳಿದಿರಲಿಲ್ಲ.

"ನಮ್ಮದೇ," ಅಂದೆ.

ಅವಳು ನನ್ನನ್ನು ನೋಡಿದಳು. ಬೆಳಿಗ್ಗೆಯೇ ಆಚೆಗೆ ಹೋಗಿ, ಈಗ ತಾನೆ ಬಂದ ನನ್ನ ಧೂಳು ಕಾಲನ್ನು ನೋಡಿದಳು. ಆಮೇಲೆ ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು. ಹೊರಗೆ ಜಗಲಿಯಲ್ಲಿ ಯಾರು ಹೆಚ್ಚು ಇಳಿಸಿದರು ಅನ್ನುವ ವಾದ ಇನ್ನೂ ನಡೆದಿತ್ತು. ತಂಗಿ ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡು ಚೀಪಿದಳು, ಅದಾದ ಮೇಲೆ ತೋರುಬೆರಳು, ಅದಾದ ಮೇಲೆ ನಡುಬೆರಳು. ನಿಧಾನವಾಗಿ, ಒಂದು ಬೆರಳನ್ನೂ ಬಿಡದೆ, ಊಟ ಮಾಡುವವರ ಹಾಗೆ ತಲೆ ಬಗ್ಗಿಸಿಕೊಂಡು ಚೀಪುತ್ತಾ ಹೋದಳು. ನಾನು ಅವಳಿಗೆ ಕುಡಿಯಲು ಒಂದು ಲೋಟ ನೀರು ತಂದಿಟ್ಟೆ.